ಎಸ್ಟಿಮೇಟ್‌ನಲ್ಲಿ ಇಲ್ಲದ ಬರೆ: ಮಕ್ಕಂದೂರು ಕಡೆಯ ಒಂದು ಮನೆಯ ಪೂರ್ತಿ ಲೆಕ್ಕ

ಮಡಿಕೇರಿಯಿಂದ ಮಕ್ಕಂದೂರು ಕಡೆ ಹೋಗುವಾಗ ಮೇನ್ ರೋಡಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಅಂಚಲ್ಲಿ ಒಂದು ಮನೆ ಉಂಟು, ಅದರ ಹಿಂದೆ ಬರೆ, ಅಂದ್ರೆ ಗುಡ್ಡ ಕಡಿದಾಗ ನಿಲ್ಲೋ ಮಣ್ಣಿನ ಗೋಡೆ. 14 ಚದರ, ಒಂದೇ ಫ್ಲೋರ್, ಸ್ಲ್ಯಾಬ್ ಮೇಲೆ ಕಬ್ಬಿಣದ ಟ್ರಸ್ ಕೂರಿಸಿ ಹೆಂಚು ಹಾಕಿದ್ದು. ಕಟ್ಟಿಸಿದವರು ಒಬ್ರು ರಿಟೈರ್ಡ್ ಹೈಸ್ಕೂಲ್ ಟೀಚರ್, ಕಟ್ಟಿದ್ದು ನಾನು. 2021ರ ನವೆಂಬರ್‌ನಲ್ಲಿ ಪಾಯ ಪೂಜೆ ಮಾಡಿ 2022ರ ಮೇ ಕೊನೆಗೆ ಬೀಗ ಕೊಡ್ತೀನಿ ಅಂತ ಬರ್ಕೊಟ್ಟಿದ್ದೆ, ಕೊಟ್ಟಿದ್ದು 2023ರ ಮಾರ್ಚ್‌ನಲ್ಲಿ. ಏಳು ತಿಂಗಳ ಕೆಲಸ ಹದಿನಾರು ತಿಂಗಳಾಯ್ತು, ದುಡ್ಡೂ ಹಾಗೇ ಮೇಲೆ ಹೋಯ್ತು. ಟೀಚರ್ ಹತ್ರ ಕೇಳಿಯೇ ಇದನ್ನ ಬರೀತಿದ್ದೀನಿ, "ನನ್ನ ಹೆಸರು ಮಾತ್ರ ಬೇಡ, ಬಾಕಿ ಎಲ್ಲಾ ಬರೀರಿ, ನಾಳೆ ಕಟ್ಟೋರಿಗಾದ್ರೂ ಗೊತ್ತಾಗ್ಲಿ" ಅಂದ್ರು.

ಇಷ್ಟು ವಿವರವಾಗಿ ಯಾಕೆ ಬರೀಬೇಕು ಅಂದ್ರೆ, ನಮ್ಮ ಫೀಲ್ಡ್ ಬಗ್ಗೆ ಈಗ ಎಲ್ಲಿ ನೋಡಿದ್ರೂ ಒಂದೇ ಮಾತು, ಕನ್‌ಸ್ಟ್ರಕ್ಷನ್ ಬೆಳೀತಾ ಉಂಟು ಅಂತ. ಸುಳ್ಳಲ್ಲ ಅದು. ದೇಶದಲ್ಲಿ ಕೃಷಿ ಬಿಟ್ರೆ ಅತಿ ಹೆಚ್ಚು ಜನಕ್ಕೆ ಕೆಲಸ ಕೊಡೋದು ಕಟ್ಟಡ ಕೆಲಸವೇ, 2023-24ರಲ್ಲಿ ಈ ಕ್ಷೇತ್ರ ಶೇ 9ಕ್ಕಿಂತ ಜಾಸ್ತಿ ಬೆಳೀತು, ಸಿಮೆಂಟ್ ಉತ್ಪಾದನೇಲಿ ಚೀನಾ ಬಿಟ್ರೆ ನಾವೇ, ಕೇಂದ್ರದ ಬಂಡವಾಳ ವೆಚ್ಚ 2014-15ರಲ್ಲಿ 2 ಲಕ್ಷ ಕೋಟಿ ಆಸುಪಾಸಿನಲ್ಲಿ ಇದ್ದದ್ದು 2025-26ರ ಬಜೆಟ್‌ನಲ್ಲಿ 11.21 ಲಕ್ಷ ಕೋಟಿಗೆ ಬಂದಿದೆ. ನಮ್ಮ ಟೀಚರ್ ಮನೆ ಒಕ್ಕಲಾದ ತಿಂಗಳಲ್ಲೇ, ಮಾರ್ಚ್ 12ನೇ ತಾರೀಕು, 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು, ಅದೇ ದಿನ ಮೈಸೂರು-ಕುಶಾಲನಗರ 92 ಕಿಲೋಮೀಟರ್ ನಾಲ್ಕು ಪಥದ ರೋಡಿಗೆ ಶಂಕುಸ್ಥಾಪನೆಯೂ ಆಯ್ತು. ಆಮೇಲೆ 2024ರಲ್ಲಿ ರೊಬಸ್ಟಾ ರೇಟು ಯಾವತ್ತೂ ಕಾಣದ ಮಟ್ಟಕ್ಕೆ ಏರಿತಲ್ಲ, ಆ ದುಡ್ಡು ಕೂಡ ಇಲ್ಲಿ ಮನೆ, ಹೋಂಸ್ಟೇ, ಕಣ, ಗೋಡೌನ್ ಅಂತ ಸಿಮೆಂಟಿಗೇ ಬಂತು. ಕೆಲಸ ಇಲ್ಲ ಅನ್ನೋ ಕಂಟ್ರಾಕ್ಟರ್ ಈಗ ಕೊಡಗಲ್ಲಿ ಸಿಗೋದು ಕಷ್ಟ.

ಆದ್ರೆ ಕೆಲಸ ಇರೋದು ಬೇರೆ, ಆ ಕೆಲಸ ನಿಲ್ಲೋದು ಬೇರೆ. ನನ್ನ ಹದಿನಾರು ವರ್ಷದ ಅನುಭವದಲ್ಲಿ ಇದನ್ನ ನನಗೆ ಸರಿಯಾಗಿ ತೋರಿಸಿಕೊಟ್ಟದ್ದು ಈ ಒಂದು ಮನೆ.

ಜಾಗ ಮತ್ತು ಕಾಗದ

ಟೀಚರಿಗೆ ಮುಕ್ಕೋಡ್ಲು ಕಡೆ ಹಳೇ ಮನೆ ಇತ್ತು. 2018ರ ಆಗಸ್ಟ್ ಮಳೇಲಿ ಹಿಂದಿನ ಗುಡ್ಡ ಜಾರಿ ಗೋಡೆ ಎಲ್ಲಾ ಬಿರುಕು ಬಿಟ್ಟು ಅಲ್ಲಿ ಇರೋಕೆ ಆಗ್ಲಿಲ್ಲ, ಕುಶಾಲನಗರದಲ್ಲಿ ಬಾಡಿಗೆ ಮನೆ ಹಿಡಿದು ಇದ್ರು. ಆ ಆಗಸ್ಟ್ ನೆನಪಿರೋರಿಗೆ ಜಾಸ್ತಿ ಹೇಳೋದು ಬೇಡ, ಜೋಡುಪಾಲ, ಮದೆನಾಡು, ಹಟ್ಟಿಹೊಳೆ, ಮಕ್ಕಂದೂರು, ಒಂದೊಂದು ಊರಿನ ಹೆಸರು ಕೇಳಿದ್ರೂ ಈಗ್ಲೂ ಹೊಟ್ಟೆ ಒಳಗೆ ಒಂಥರ ಆಗ್ತದೆ. ಆಮೇಲೆ 2019ರಲ್ಲಿ ತೋರ ಅನ್ನೋ ಊರಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಗುಡ್ಡ ಕುಸೀತು. ಮೂರು ಮಳೆಗಾಲ ಸಾಲಾಗಿ. ಹಾಗಿರುವಾಗ ಅರವತ್ತು ದಾಟಿದ ಹೆಂಗಸು ಮತ್ತೆ ಗುಡ್ಡದ ಮೇಲೇ ಮನೆ ಕಟ್ತೀನಿ ಅಂತ ಹೊರಡೋದು ಹಠ ಅಂತ ಕೆಲವರು ಅಂದ್ರು, ನನಗೆ ಹಾಗೆ ಅನ್ನಿಸ್ಲಿಲ್ಲ. ಸಮತಟ್ಟು ಜಾಗ ಅಂದ್ರೆ ಇಲ್ಲಿ ಗದ್ದೆ, ಗದ್ದೇಲಿ ನೀರು. ಬಾಕಿ ಎಲ್ಲಾ ಇಳಿಜಾರೇ. ಕೊಡಗಲ್ಲಿ ಇರ್ಬೇಕು ಅಂದ್ರೆ ಇಳಿಜಾರಲ್ಲಿ ಹೇಗೆ ಇರೋದು ಅಂತ ಕಲೀಬೇಕು, ಬೇರೆ ದಾರಿ ಇಲ್ಲ.

ಅವರ ಅಣ್ಣ 20 ಸೆಂಟ್ ಜಾಗ ಬಿಟ್ಟುಕೊಟ್ರು, ಕುಟುಂಬದ ಜಮ್ಮಾ ಬಾಣೆ, ಅಂದ್ರೆ ಇಡೀ ಕುಟುಂಬಕ್ಕೆ ಸೇರಿದ ಹಳೇ ಕಾಲದ ಹಿಡುವಳಿ. ಇಲ್ಲಿಂದ ಶುರು ಆಯ್ತು ಕಾಗದದ ಕೆಲಸ. ಜಮ್ಮಾ ಜಾಗದ ಆರ್‌ಟಿಸಿ ನೋಡಿದವರಿಗೆ ಗೊತ್ತು, ಪಟ್ಟೆದಾರರ ಹೆಸರು, ಅದರ ಜೊತೆಗೆ ಕುಟುಂಬದ ಅಷ್ಟೂ ಜನರ ಹೆಸರು, ಅದರಲ್ಲಿ ಕೆಲವರು ತೀರಿಹೋಗಿರ್ತಾರೆ, ಕೆಲವರು ದುಬೈಲಿ, ಒಬ್ರು ಮಿಲಿಟರಿ ಡ್ಯೂಟಿ ಮೇಲೆ ಎಲ್ಲೋ ಗಡಿಯಲ್ಲಿ. ಬ್ಯಾಂಕಿನವರು ಜಾಗ ಯಾರದ್ದು ಅಂತ ಒಂದೇ ಹೆಸರಲ್ಲಿ ಉತ್ತರ ಕೇಳ್ತಾರೆ, ಜಮ್ಮಾ ಜಾಗಕ್ಕೆ ಒಂದೇ ಹೆಸರಿನ ಉತ್ತರ ಇಲ್ಲ. ಎಲ್ಲರ ಸಹಿ ತರಿಸಿ, ಪಾಲು ಮಾಡಿ, ಕನ್ವರ್ಷನ್ ಮಾಡಿಸಿ, ಪಂಚಾಯ್ತಿಯಿಂದ ಆಸ್ತಿ ದಾಖಲೆ, ನಮೂನೆ 9 ಮತ್ತು 11ಎ, ಕೈಗೆ ಬರುವಾಗ ಹೆಚ್ಚುಕಮ್ಮಿ ಒಂದು ವರ್ಷ ಕಳೆದಿತ್ತು. ಟೀಚರ್ ಪಾಪ ಫೈಲ್ ಹಿಡ್ಕೊಂಡು ಬಸ್ಸಲ್ಲಿ ಓಡಾಡಿದ್ದು ಲೆಕ್ಕ ಇಲ್ಲ. ಕೊನೆಗೆ 18 ಲಕ್ಷ ಸಾಲ ಮಂಜೂರಾಯ್ತು, ಬಾಕಿ ಅವರ ಪಿಎಫ್ ದುಡ್ಡು, ಸ್ವಲ್ಪ ಮಗ ಬೆಂಗಳೂರಿಂದ ಕಳಿಸ್ತೀನಿ ಅಂದದ್ದು.

ಇದನ್ನ ಕಟ್ಟಡದ ಲೆಕ್ಕದಲ್ಲಿ ಯಾರೂ ಹಾಕಲ್ಲ. ಆದ್ರೆ ಒಂದು ವರ್ಷ ತಡ ಆಯ್ತು ಅಂದ್ರೆ ಅದೊಂದು ವರ್ಷದ ಬಾಡಿಗೆ, ಒಂದು ವರ್ಷದ ಬೆಲೆ ಏರಿಕೆ, ಎರಡೂ ಮನೆ ಕಟ್ಟೋರ ತಲೆ ಮೇಲೇ ಬೀಳೋದು.

ಚದರಡಿಗೆ ಎಷ್ಟು?

ಸೈಟ್ ನೋಡೋಕೆ ಹೋದ ದಿನ ಟೀಚರ್ ಕೇಳಿದ ಮೊದಲ ಪ್ರಶ್ನೆ, "ಚದರಡಿಗೆ ಎಷ್ಟಾಗ್ತದೆ?" ನಾನು ಹೇಳಿದ ಉತ್ತರ, "ಟೀಚರೇ, 1,900 ಹಿಡ್ಕೊಳ್ಳಿ, ಮೆಟೀರಿಯಲ್ ಸೇರಿ." 1,400 ಚದರಡಿಗೆ 26 ಲಕ್ಷದ 60 ಸಾವಿರ. ಹಿಂದೆ ಬರೆ ಕಡಿದ ಜಾಗಕ್ಕೆ ಸೈಜ್ ಕಲ್ಲಿನ ಗೋಡೆ, ಅದಕ್ಕೆ ಬೇರೆ 1 ಲಕ್ಷದ 20 ಸಾವಿರ, ಎಸ್ಟಿಮೇಟಿನ ಕೊನೇ ಸಾಲಲ್ಲಿ 'ಸೈಟ್ ಡೆವಲಪ್‌ಮೆಂಟ್' ಅಂತ ಬರೆದೆ. ನೆಲದ ಬಗ್ಗೆ ಆ ಹತ್ತು ಪುಟದಲ್ಲಿ ಇದ್ದದ್ದು ಅದೊಂದೇ ಸಾಲು.

ತಪ್ಪು ಅಲ್ಲೇ ಆಗಿದ್ದು, ಅದು ನನ್ನ ತಪ್ಪು. ಚದರಡಿ ರೇಟು ಅನ್ನೋದು ಬಯಲುಸೀಮೆ ಲೆಕ್ಕ. ಮೈಸೂರಲ್ಲೋ ಮಂಡ್ಯದಲ್ಲೋ 30x40 ಅಡಿ ಸೈಟು, ಸಮತಟ್ಟು ನೆಲ, ನಾಲ್ಕಡಿ ಐದಡಿ ಅಗೆದ್ರೆ ಗಟ್ಟಿ ಮಣ್ಣು, ಅಲ್ಲಿ ಮನೆ ಎಷ್ಟು ದೊಡ್ಡದೋ ಖರ್ಚೂ ಅಷ್ಟು. ಇಳಿಜಾರಲ್ಲಿ ಹಾಗಲ್ಲ. ಇಲ್ಲಿ ಖರ್ಚು ಮನೆಯ ಕೆಳಗೆ ಮತ್ತು ಹಿಂದೆ ಇರೋದು. 1,000 ಚದರಡಿ ಕಟ್ಟಿದ್ರೂ 1,400 ಕಟ್ಟಿದ್ರೂ ಹಿಂದಿನ ಬರೆ ಅಷ್ಟೇ ಎತ್ತರ, ಅಷ್ಟೇ ನೀರು.

ಕಡಿದ ರೀತಿಯೂ ಹೇಳ್ಬೇಕು. ಜೆಸಿಬಿಗೆ ಗಂಟೆ ಲೆಕ್ಕ ಬಾಡಿಗೆ, ಎರಡು ದಿನದಲ್ಲಿ ಮುಗಿಸಿದ್ದು. ಮೇಲಿನ ಕಡೆ 12 ಅಡಿ ನೆಟ್ಟಗೆ ಕಡಿದು ಆ ಮಣ್ಣನ್ನ ಕೆಳಗಿನ ಕಡೆ ತಳ್ಳಿ ಸಮ ಮಾಡಿದ್ವಿ. ಇಲ್ಲಿ ಎಲ್ಲರೂ ಮಾಡೋದು ಹಾಗೇ, ನೋಡೋಕೆ ಚಂದ ಫ್ಲಾಟ್ ಸೈಟ್ ಕಾಣ್ತದೆ. ಆದ್ರೆ ಅದರಲ್ಲಿ ಅರ್ಧ ಕಡಿದ ನೆಲ, ಅರ್ಧ ತುಂಬಿಸಿದ ಮಣ್ಣು, ಎರಡೂ ಒಂದೇ ಥರ ಭಾರ ಹೊರಲ್ಲ. ತುಂಬಿಸಿದ ಮಣ್ಣು ಮೊದಲ ಮಳೆಗೆ ಕೂರ್ತದೆ, ಹಿಂದಿನ ಭಾಗ ಕೂರಲ್ಲ, ಮಧ್ಯದಲ್ಲಿ ಮನೆ ಸೀಳ್ತದೆ. ಇದೊಂದು ವಿಷಯದಲ್ಲಿ ನಮ್ಮ ಮೇಸ್ತ್ರಿ ಪುಣ್ಯಾತ್ಮ, ಐವತ್ತೆಂಟು ವರ್ಷದವರು, ಹಾರೆ ಹಾಕಿ ಕುಟ್ಟಿ ನೋಡಿ "ಮುಂದಿನ ಪಿಲ್ಲರ್ ಗುಂಡಿ ಐದಡಿ ಸಾಲಲ್ಲ, ಹಳೇ ನೆಲ ಸಿಗೋವರೆಗೂ ಹೋಗ್ಬೇಕು" ಅಂತ ಹಠ ಹಿಡಿದ್ರು. ಒಂಬತ್ತಡಿಗೆ ಸಿಕ್ತು. ನಾಲ್ಕು ಕಾಲಮ್‌ಗೂ ಒಂಬತ್ತಡಿ. ಈಗ ಆ ಮನೆ ಗೋಡೇಲಿ ಒಂದು ಕೂದಲೆಳೆ ಬಿರುಕೂ ಇಲ್ಲ ಅಂದ್ರೆ ಅದು ಆ ಮನುಷ್ಯನ ಹಾರೆಯಿಂದ.

2018 ಆದ್ಮೇಲೆ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ ಹೇಳಿದ್ದೂ ಇದನ್ನೇ, ವಿಪರೀತ ಮಳೆ ಒಂದು ಕಡೆ, ಮನೆಗೆ ರೋಡಿಗೆ ಅಂತ ಇಳಿಜಾರನ್ನ ಬೇಕಾಬಿಟ್ಟಿ ಕಡಿದದ್ದು ಇನ್ನೊಂದು ಕಡೆ. ಆ ಸುದ್ದಿ ನಾನೂ ಓದಿದ್ದೆ. ಓದಿಯೂ ಎರಡು ದಿನದಲ್ಲಿ 12 ಅಡಿ ನೆಟ್ಟಗೆ ಕಡಿಸಿದ್ದೆ, ಯಾಕಂದ್ರೆ ಸ್ಟೆಪ್ ಸ್ಟೆಪ್ ಆಗಿ ಕಡಿದ್ರೆ ಮೇಲಿನ ಎಂಟು ಹತ್ತು ಕಾಫಿ ಗಿಡ ಹೋಗ್ತದೆ, ಜೆಸಿಬಿ ಬಾಡಿಗೆ ಡಬಲ್ ಆಗ್ತದೆ, ಚದರಡಿ ರೇಟಲ್ಲಿ ಅದಕ್ಕೆ ಜಾಗ ಇಲ್ಲ.

ಆರೇಳು ತಿಂಗಳ ಸೀಸನ್

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ತೋಟದವರ ಲೆಕ್ಕದಲ್ಲಿ 120 ಇಂಚಿನ ಮೇಲೆ. ಜೂನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಕೆಲಸ ಆಗಲ್ಲ, ಮಾಡ್ಲೂಬಾರದು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಆಗಿ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಬಂದ ಮೇಲೆ ನಮಗೆ ಸೀಸನ್ ಶುರು, ಮೇ ಮಧ್ಯಕ್ಕೆ ಮುಗೀತು. ಆ ಏಳು ತಿಂಗಳೂ ಪೂರ್ತಿ ನಮ್ಮದಲ್ಲ. 2021ರ ನವೆಂಬರ್‌ನಲ್ಲಿ ಅಕಾಲ ಮಳೆ ಹಿಡೀತಲ್ಲ, ಗಿಡದಲ್ಲೇ ಕಾಫಿ ಹಣ್ಣು ಉದುರಿ ಹಾಳಾದ ವರ್ಷ ಅದು, ನಮ್ಮ ಪಾಯದ ಗುಂಡಿ ತುಂಬಾ ನೀರು. ಪೂಜೆ ಆದ್ಮೇಲೆ ನಾಲ್ಕು ವಾರ ಏನೂ ಮಾಡೋಕೆ ಆಗ್ಲಿಲ್ಲ.

ಹುತ್ತರಿ ಹಬ್ಬ ಕಳೆದು ಕೆಲಸಕ್ಕೆ ಇಳಿಯೋ ಹೊತ್ತಿಗೆ ಕಾಫಿ ಕುಯ್ಲು ಶುರು. ಇದು ಕೊಡಗಿನ ಕಂಟ್ರಾಕ್ಟರುಗಳ ದೊಡ್ಡ ತಲೆನೋವು, ಹೊರಗಿನವರಿಗೆ ಅರ್ಥ ಆಗೋದಿಲ್ಲ. ಒಣ ಹವೆ ಇರೋ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ನಮಗೂ ಆಳು ಬೇಕು, ತೋಟಕ್ಕೂ ಆಳು ಬೇಕು. ಕುಯ್ಲಿಗೆ ಕೆಜಿ ಲೆಕ್ಕದಲ್ಲಿ ಕೂಲಿ, ಗಂಡ ಹೆಂಡ್ತಿ ಸೇರಿ ಚುರುಕಾಗಿ ಕುಯ್ದರೆ ಹೆಲ್ಪರ್ ಕೆಲಸಕ್ಕಿಂತ ಜಾಸ್ತಿ ಬರ್ತದೆ, ಇರೋಕೆ ತೋಟದ ಲೈನ್ ಮನೆ ಫ್ರೀ. ಅವರು ಯಾಕೆ ಜಲ್ಲಿ ಹೊರೋಕೆ ಬರ್ತಾರೆ? ನನ್ನ ಹತ್ರ ಇದ್ದ ಅಸ್ಸಾಮಿನ ಏಳು ಹುಡುಗರಲ್ಲಿ ನಾಲ್ಕು ಜನ ಜನವರಿಯಲ್ಲಿ ತೋಟಕ್ಕೆ ಹೋದ್ರು. ತಪ್ಪು ಅವರದ್ದಲ್ಲ.

ಕಲಿತ ಕೈಗಳ ವಿಷಯ ಇನ್ನೂ ಬೇಜಾರು. ನಮ್ಮ ಮೇಸ್ತ್ರಿಯವರ ಮಗ ಮೈಸೂರಲ್ಲಿ ಡೆಲಿವರಿ ಕೆಲಸ ಮಾಡ್ತಾನೆ. "ಸಾರ್, ಗಾರೆ ಕೆಲಸ ನನ್ನ ಹತ್ರವೇ ಮುಗೀಲಿ" ಅಂತಾರೆ ಅವರು. ಅಸ್ಸಾಮಿನ ಹುಡುಗರಲ್ಲಿ ಒಬ್ಬ, ಇಪ್ಪತ್ತನಾಲ್ಕು ವರ್ಷ, ತೂಕುಗುಂಡು ಹಿಡಿದು ಗೋಡೆ ಎತ್ತೋದನ್ನ ಒಂದೇ ಸೀಸನ್‌ನಲ್ಲಿ ಕಲಿತ, ಅಷ್ಟು ಚೆನ್ನಾಗಿ ಕಲಿತ ಅಂದ್ರೆ ಅಡುಗೆಮನೆ ಗೋಡೆ ಪೂರ್ತಿ ಅವನೇ ಕಟ್ಟಿದ್ದು. ಅವನ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇಲ್ಲ, ಮುಂದಿನ ಸೈಟಲ್ಲಿ ಅವನು ಮತ್ತೆ ಹೆಲ್ಪರ್ ರೇಟಿಗೇ ಶುರು ಮಾಡ್ಬೇಕು. ಆಗ ಇದ್ದ 1996ರ ಕಾಯ್ದೆ ಪ್ರಕಾರ 10 ಲಕ್ಷಕ್ಕಿಂತ ಜಾಸ್ತಿ ಖರ್ಚಿನ ಮನೆಗೆ ಶೇ 1 ಸೆಸ್ ಕಟ್ಬೇಕಿತ್ತು, ಅದು ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗ್ತಿತ್ತು, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸ್ಬಹುದಿತ್ತು. ಆದ್ರೆ ಮೂರು ತಿಂಗಳು ಸೈಟು, ಮೂರು ತಿಂಗಳು ತೋಟ, ಆಮೇಲೆ ಊರು ಅಂತ ತಿರುಗೋ ಹುಡುಗನಿಗೆ 90 ದಿನ ಆಯ್ತು ಅಂತ ಯಾರು ಬರ್ಕೊಡ್ಬೇಕು? ಆ ಹುಡುಗನಿಗೆ ನಾನೇ ಬರ್ಕೊಟ್ಟೆ, ಮಡಿಕೇರಿವರೆಗೆ ಕರ್ಕೊಂಡು ಹೋಗಿ ಅರ್ಜಿ ಹಾಕಿಸಿದೆ. ಉಳಿದವರಿಗೆ ಮಾಡಿಸ್ಲಿಲ್ಲ, ಮಾಡಿಸ್ಬೇಕಿತ್ತು.

ಕಬ್ಬಿಣದ ರೇಟು

ಇದನ್ನ ಬೇಗ ಹೇಳಿಬಿಡ್ತೀನಿ. ಒಟ್ಟು ಎಂಟು ಟನ್ ಹತ್ರ ಕಬ್ಬಿಣ ಹೋಯ್ತು. ಮೊದಲ ಲೋಡ್ ತಂದಾಗ ಕೆಜಿಗೆ 62. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಯ್ತು, ಕಲ್ಲಿದ್ದಲು, ಕಬ್ಬಿಣ ಎಲ್ಲಾ ಏರಿ, ಏಪ್ರಿಲ್‌ನಲ್ಲಿ ಸ್ಲ್ಯಾಬಿಗೆ ಅಂತ ಮೂರೂವರೆ ಟನ್ ತರುವಾಗ ನನಗೆ ಬಿದ್ದದ್ದು 78. ಬರೀ ಆ ವ್ಯತ್ಯಾಸವೇ 56 ಸಾವಿರ. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿದ ಮೇಲೆ ರೇಟು ಇಳೀತು, ಅಷ್ಟರಲ್ಲಿ ನಮ್ಮ ಸ್ಲ್ಯಾಬ್ ಆಗಿಹೋಗಿತ್ತು. ದೊಡ್ಡ ಕಂಪನಿಗಳ ಕಂಟ್ರಾಕ್ಟಲ್ಲಿ ಬೆಲೆ ಏರಿದ್ರೆ ಹೊಂದಿಸ್ಕೊಳ್ಳೋ ಕಲಮು ಇರ್ತದೆ, ನಮ್ಮಂಥವರ ಅಗ್ರಿಮೆಂಟು 100 ರೂಪಾಯಿ ಸ್ಟಾಂಪ್ ಪೇಪರಲ್ಲಿ ಎರಡು ಪುಟ. ಆ 56 ಸಾವಿರ ನನ್ನ ಲಾಭದಿಂದಲೇ ಹೋಯ್ತು, ಟೀಚರ್ ಹತ್ರ ಕೇಳೋಕೆ ಬಾಯಿ ಬರ್ಲಿಲ್ಲ.

ಬೆಲೆ ಬಗ್ಗೆ ಇನ್ನೊಂದು. ಆಗ ಸಿಮೆಂಟಿಗೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಒಳ್ಳೇದೇ ಆಯ್ತು. ತೆರಿಗೆ ಬಿಟ್ಟು 300 ರೂಪಾಯಿ ಇರೋ ಚೀಲಕ್ಕೆ 30 ರೂಪಾಯಿ ಉಳೀತದೆ, ಈ ಮನೆಗೆ ಹೋದದ್ದು ಗೋಡೆ ಎಲ್ಲಾ ಸೇರಿ 700 ಚೀಲ, ಅಂದ್ರೆ 21 ಸಾವಿರ ಉಳೀತಿತ್ತು. ಈ ಸಂಖ್ಯೆ ನೆನಪಿಟ್ಕೊಳ್ಳಿ, ಯಾಕಂದ್ರೆ ಮುಂದೆ ಹೇಳೋ ಖರ್ಚಿನ ಎದುರು ಇದು ಎಷ್ಟು ಸಣ್ಣದು ಅಂತ ಕಾಣ್ತದೆ.

ಮೇ ತಿಂಗಳ ರಾತ್ರಿ

ಸ್ಲ್ಯಾಬ್ ಹಾಕಿ ಇಪ್ಪತ್ತು ದಿನ ಆಗಿತ್ತು, ಸೆಂಟ್ರಿಂಗ್ ಇನ್ನೂ ಬಿಚ್ಚಿರಲಿಲ್ಲ. ಮೇ ಮೂರನೇ ವಾರ, ಮಳೆಗಾಲಕ್ಕೆ ಮುಂಚಿನ ಮಳೆ ಆ ವರ್ಷ ಜೋರಾಗಿ ಹೊಡೀತು. ಸೈಜ್ ಕಲ್ಲಿನ ಗೋಡೆ ಅರ್ಧ ಆಗಿತ್ತು, ಆಳು ಇಲ್ಲದೆ ನಿಂತಿತ್ತು. ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಫೋನ್, "ಸಾರ್, ಬರೆ ಬಂತು." ಅಷ್ಟೇ. ಹೋಗಿ ನೋಡಿದ್ರೆ 60 ಅಡಿ ಉದ್ದದಲ್ಲಿ ಮೂವತ್ತಡಿಯಷ್ಟು ಜಾರಿ, ಕಟ್ಟಿದ ಕಲ್ಲನ್ನೂ ತಳ್ಕೊಂಡು ಬಂದು ಹಿಂದಿನ ಬೆಡ್‌ರೂಮಿನ ಕಿಟಕಿ ಮಟ್ಟಕ್ಕೆ ಕೆಂಪು ಕೆಸರು ನಿಂತಿತ್ತು. ಜನಕ್ಕೆ ಏನೂ ಆಗ್ಲಿಲ್ಲ, ಹುಡುಗರು ಮುಂದಿನ ಕಡೆ ಶೆಡ್ಡಲ್ಲಿ ಮಲಗಿದ್ರು. ಹಿಂದಿನ ಕಡೆ ಶೆಡ್ ಹಾಕಿದ್ರೆ ಅಂತ ಯೋಚನೆ ಬಂದ್ರೆ ನನಗೆ ಈಗ್ಲೂ ಕೈ ತಣ್ಣಗಾಗ್ತದೆ.

ಟೀಚರ್ ಹತ್ತು ಗಂಟೆಗೆ ಬಂದ್ರು. ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ರು, "ಮುಕ್ಕೋಡ್ಲಲ್ಲೂ ಹೀಗೇ ಬಂದದ್ದು. ನಿಮಗೆ ಗೊತ್ತಿರಲಿಲ್ವಾ?" ನನಗೆ ಗೊತ್ತಿತ್ತು. ಆ ಪ್ರಶ್ನೆಗೆ ಏನು ಹೇಳೋದು.

ಪರಿಚಯದ ಒಬ್ರು ಎಂಜಿನಿಯರಿಂಗ್ ಕಾಲೇಜಿನ ರಿಟೈರ್ಡ್ ಮೇಷ್ಟ್ರನ್ನ ಕರ್ಕೊಂಡು ಬಂದೆ. ಅವರು ಬರೆಗಿಂತ ಮೊದಲು ಬರೆಯ ಮೇಲೆ ಹತ್ತಿದ್ರು. ಅಲ್ಲಿ ತೋಟದಲ್ಲಿ ಸಾಲಾಗಿ ತೊಟ್ಟಿಲು ಗುಂಡಿ, ಗಿಡಕ್ಕೆ ನೀರು ಇಂಗ್ಲಿ ಅಂತ ತೆಗೆದದ್ದು. ತೋಟಕ್ಕೆ ಒಳ್ಳೇದು, ಆದ್ರೆ ಅದರ ಕೆಳಗೇ ನಾವು 12 ಅಡಿ ನೆಟ್ಟಗೆ ಕಡಿದಿದ್ವಿ, ಆ ಗುಂಡಿಗಳಲ್ಲಿ ಇಂಗಿದ ನೀರೆಲ್ಲಾ ನಮ್ಮ ಬರೆಯ ಬೆನ್ನಿಗೆ ಬರ್ತಿತ್ತು. ಮೇಷ್ಟ್ರು ನೆಲದ ಮೇಲೆ ಕಡ್ಡಿ ಹಿಡಿದು ಲೆಕ್ಕ ಮಾಡಿ ತೋರಿಸಿದ್ರು: ಹತ್ತಡಿ ಗೋಡೆ ಹಿಂದೆ ನೀರು ತುಂಬಿ ನಿಂತ್ರೆ, ಮಣ್ಣಿನ ಭಾರ ಬಿಡಿ, ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ತಳ್ಳು ಕೊಡ್ತದೆ. ಅರವತ್ತಡಿ ಗೋಡೆಗೆ 80 ಟನ್ ಮೇಲೆ. "ಗೋಡೆ ದಪ್ಪ ಮಾಡಿ ಇದನ್ನ ಗೆಲ್ಲೋಕೆ ಹೋಗ್ಬೇಡಿ, ನೀರನ್ನ ನಿಲ್ಲೋಕೆ ಬಿಡ್ಬೇಡಿ" ಅಂದ್ರು. 2022ರ ಮಳೇಲೇ ಮಡಿಕೇರಿಯಲ್ಲಿ ಡಿಸಿ ಆಫೀಸ್ ಕೆಳಗಿನ ದೊಡ್ಡ ತಡೆಗೋಡೆ ಉಬ್ಬಿಕೊಂಡು ಕೆಳಗಿನ ಮಂಗಳೂರು ರಸ್ತೇಲಿ ಓಡಾಟ ನಿಲ್ಲಿಸಿದ್ದನ್ನ ಜಿಲ್ಲೆಯವರೆಲ್ಲಾ ನೋಡಿದ್ದೀವಿ. ಆ ಸುದ್ದಿ ಬಂದ ದಿನ ನನಗೆ ಮೇಷ್ಟ್ರ ಕಡ್ಡಿ ಲೆಕ್ಕವೇ ನೆನಪಿಗೆ ಬಂತು.

ಆದ್ರೆ ಆಗ ತಕ್ಷಣ ಏನೂ ಮಾಡೋಕಾಗಲ್ಲ, ಮಳೆಗಾಲ ಬಂದೇಬಿಟ್ಟಿತ್ತು. ಜಾರಿದ ಮಣ್ಣು ಮುಟ್ಟೋಕೆ ಹೋಗ್ಲಿಲ್ಲ, ಬುಡದ ಮಣ್ಣು ತೆಗೆದ್ರೆ ಮೇಲಿನದ್ದು ಮತ್ತೆ ಬರ್ತದೆ. ಬರೆ ಮೇಲೆ ಟಾರ್ಪಾಲು ಹೊದಿಸಿ, ಹತ್ತಿರದ ತೊಟ್ಟಿಲು ಗುಂಡಿ ಮುಚ್ಚಿ, ಮೇಲೆ ಒಂದು ಚರಂಡಿ ತೆಗೆದು ನೀರನ್ನ ಪಕ್ಕದ ತೋಡಿಗೆ ತಿರುಗಿಸಿ, ನಾಲ್ಕು ತಿಂಗಳು ದೇವರ ಮೇಲೆ ಭಾರ ಹಾಕಿ ಕಾದದ್ದು. ಮಳೆಗಾಲದಲ್ಲಿ ಭಾರಿ ಲಾರಿ ಮತ್ತೆ ಮರಳು ಸಾಗಾಟಕ್ಕೂ ಜಿಲ್ಲಾಡಳಿತದ ನಿರ್ಬಂಧ ಇರ್ತದೆ, ರೋಡು ಉಳೀಬೇಕಲ್ಲ, ಅದು ಸರಿಯೇ. ಆ ನಾಲ್ಕು ತಿಂಗಳು ಟೀಚರ್ ಬಾಡಿಗೆಯನ್ನೂ ಕಟ್ಟಿ, ಬ್ಯಾಂಕಿನ ಬಡ್ಡಿಯನ್ನೂ ಕಟ್ಟಿದ್ರು.

ಅಕ್ಟೋಬರ್‌ನಿಂದ ಎರಡನೇ ಸಲ. ಈಗ ಬರೆಯನ್ನ ಮೂರು ಸ್ಟೆಪ್ ಮಾಡಿ ಕಡಿದ್ವಿ, ಒಂಬತ್ತು ಕಾಫಿ ಗಿಡ ಹೋಯ್ತು, ಅಣ್ಣ ಒಂದು ಮಾತೂ ಆಡ್ಲಿಲ್ಲ. ಕೆಳಗೆ ಹತ್ತಡಿ ಆರ್‌ಸಿಸಿ ಗೋಡೆ, ಅದರ ಬೆನ್ನಿಗೆ ಒಂದೂವರೆ ಅಡಿ ದಪ್ಪಕ್ಕೆ ಬರೀ ಜಲ್ಲಿ, ಐದಡಿಗೆ ಒಂದರಂತೆ ಮೂರಿಂಚಿನ ಪೈಪು ಎರಡು ಸಾಲು, ಕೆಳಗೆ ಕಾಂಕ್ರೀಟ್ ಚರಂಡಿ. ಮೇಲಿನ ಸ್ಟೆಪ್ಪಿಗೆ ಲಾವಂಚ ನೆಟ್ಟದ್ದು, ಬೇರು ಆಳಕ್ಕೆ ಹೋಗ್ತದೆ ಅಂತ. ಜಾರಿದ ಮಣ್ಣು 22 ಟಿಪ್ಪರ್ ಆಯ್ತು, ಅದನ್ನ ಎಲ್ಲಿ ಹಾಕೋದು ಅನ್ನೋದೇ ಒಂದು ವಾರದ ಸಮಸ್ಯೆ, ಕೆಳಗಿನ ಇಳಿಜಾರಿಗೆ ಸುರಿದ್ರೆ ಕೆಳಗಿನ ಮನೆಯವರ ತಲೆ ಮೇಲೆ ಇಟ್ಟ ಹಾಗೆ. ಕೊನೆಗೆ ಒಂದು ಹಳೇ ಕಲ್ಲು ಕೋರೆ ಗುಂಡಿ ಸಿಕ್ತು.

ಲೆಕ್ಕ ಹೀಗೆ ಬಂತು. ಮಣ್ಣು ಸಾಗಿಸಿದ್ದು 55 ಸಾವಿರ, ಗೋಡೆ 4 ಲಕ್ಷದ 30 ಸಾವಿರ, ಜಲ್ಲಿ ಪೈಪು ಸೇರಿ 60 ಸಾವಿರ, ಸ್ಟೆಪ್ ಕಡಿದದ್ದು ಮತ್ತೆ ಮೇಲಿನ ಚರಂಡಿ 85 ಸಾವಿರ. ಒಟ್ಟು 6 ಲಕ್ಷದ 30 ಸಾವಿರ. ಮನೆ ಕಾಂಟ್ರಾಕ್ಟಿನ ನಾಲ್ಕನೇ ಒಂದು ಪಾಲಿನ ಹತ್ರ. ಎಸ್ಟಿಮೇಟಲ್ಲಿ ಇದ್ದದ್ದು 1 ಲಕ್ಷದ 20 ಸಾವಿರ. ಹೆಚ್ಚಾದ 5 ಲಕ್ಷದ 10 ಸಾವಿರದಲ್ಲಿ ಟೀಚರ್ 3 ಲಕ್ಷದ 30 ಸಾವಿರ ಕೊಟ್ರು, ಬಳೆ ಅಡವಿಟ್ಟು. 1 ಲಕ್ಷದ 80 ಸಾವಿರ ನಾನು ಹಾಕಿದೆ. ಅದೇ ಹೊತ್ತಿಗೆ ನನ್ನದೊಂದು ಸರ್ಕಾರಿ ಕೆಲಸದ ಬಿಲ್ಲು ಒಂದು ವರ್ಷದಿಂದ ಬಾಕಿ ಇತ್ತು, ಹಾಗಾಗಿ ಆ ದುಡ್ಡು ಬಡ್ಡಿಗೆ ತಂದದ್ದು. ಬೇಸರ ಇರೋದು ದುಡ್ಡಿನ ವಿಷಯಕ್ಕಲ್ಲ. ಮೊದಲೇ ಹೀಗೆ ಕಟ್ಟಿದ್ರೆ, ಮಣ್ಣು ಸಾಗಿಸೋ ಖರ್ಚು ಇಲ್ಲ, ಎರಡು ಸಲ ಕಡಿಯೋದಿಲ್ಲ, ಐದು ಲಕ್ಷದ ಸುತ್ತ ಮುಗೀತಿತ್ತು, ಒಂದು ಮಳೆಗಾಲದ ಬಾಡಿಗೆ ಬಡ್ಡಿ ಉಳೀತಿತ್ತು. ಅದನ್ನ ಮೊದಲ ದಿನವೇ ಹೇಳಿದ್ರೆ ಟೀಚರ್ ಬಹುಶಃ ಮನೆಯನ್ನ 11 ಚದರಕ್ಕೆ ಇಳಿಸ್ತಿದ್ರು. ಇಳಿಸ್ಲಿ, ಏನಾಗ್ತಿತ್ತು?

ದೇಶದ ಲೆಕ್ಕದಲ್ಲೂ ಇದೇ

ಇದು ನನ್ನೊಬ್ಬನ ಸೈಟಿನ ಕಥೆ ಅಂತ ಬಿಡ್ಬಹುದಿತ್ತು. ಆದ್ರೆ 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಹೆದ್ದಾರಿಗೆ ಅಂತ ಕಡಿದ ಗುಡ್ಡವೇ ರಸ್ತೆ ಮೇಲೆ ಬಂತು, ಅದಕ್ಕೂ ಮುಂಚೆ 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಜನ ಕಾರ್ಮಿಕರು 17 ದಿನ ಸಿಕ್ಕಿಹಾಕ್ಕೊಂಡಿದ್ರು. ಅಲ್ಲಿ ಚದರಡಿಗೆ ಎಷ್ಟು ಅಂತ ಕೇಳಲ್ಲ, ಕಿಲೋಮೀಟರಿಗೆ ಎಷ್ಟು ಕೋಟಿ, ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಕೇಳ್ತಾರೆ. ಪ್ರಶ್ನೆ ಒಂದೇ ಜಾತಿಯದ್ದು. ನಮ್ಮ ಕ್ಷೇತ್ರದ ಬೆಳವಣಿಗೆಯನ್ನ ಅಳೆಯೋದೇ ಸುರಿದ ಕಾಂಕ್ರೀಟಿನಿಂದ, ಹಾಗಾಗಿ ಕುಸಿದದ್ದನ್ನ ಎರಡನೇ ಸಲ ಕಟ್ಟಿದ್ರೂ ಅದು ಬೆಳವಣಿಗೆಯೇ. ಟೀಚರ್ ಮನೆಯ ಎರಡನೇ ಗೋಡೆಗೆ ಹೋದ ಸಿಮೆಂಟೂ ದೇಶದ ಸಿಮೆಂಟ್ ಮಾರಾಟದ ಲೆಕ್ಕದಲ್ಲಿ ಸೇರಿಯೇ ಇರ್ತದೆ.

ಬಡವರ ಮನೆ ಯೋಜನೆ ನೋಡಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳು, ದುರ್ಗಮ ಪ್ರದೇಶಗಳಲ್ಲಿ 1.30 ಲಕ್ಷ. ಗುಡ್ಡ ಅನ್ನೋದಕ್ಕೆ ಕೊಡೋ ಹೆಚ್ಚುವರಿ 10 ಸಾವಿರ, ಕರ್ನಾಟಕ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲೂ ಇಲ್ಲ. 10 ಸಾವಿರಕ್ಕೆ ನಮ್ಮ ಗೋಡೆಯಲ್ಲಿ ಒಂದೂವರೆ ಅಡಿ ಉದ್ದವೂ ಆಗಲ್ಲ. ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಬಡಾವಣೆ ಕಟ್ಟಿದಾಗ ಒಂದೇ ಕಡೆ ಜಾಗ ಸಮ ಮಾಡಿ ರೋಡು ಚರಂಡಿ ಸಮೇತ ಮಾಡಿದ್ರು, ಆ ದಾರಿ ಸರಿ ಅಂತ ನನಗೆ ಅನ್ನಿಸ್ತದೆ, ನೆಲದ ಖರ್ಚನ್ನ ಹತ್ತಾರು ಮನೆ ಹಂಚ್ಕೊಳ್ತದೆ. ಒಂಟಿ ಮನೆಯವರಿಗೆ ಆ ಅನುಕೂಲ ಇಲ್ಲ. ಬ್ಯಾಂಕಿನವರು ಕಾಗದ ಅಷ್ಟು ಕೇಳ್ತಾರಲ್ಲ, ಅದರ ಜೊತೆ ಬರೆ ಎಷ್ಟು ಎತ್ತರ, ನೀರು ಎಲ್ಲಿ ಹೋಗ್ತದೆ ಅಂತ ಒಂದು ಪುಟ ಕೇಳಿದ್ರೆ, ಗೋಡೆಗೂ ಸಾಲದಲ್ಲೇ ಒಂದು ಪಾಲು ಇಟ್ರೆ, ನನ್ನಂಥವರು ಆ ಪುಟ ಬರೀಲೇಬೇಕಾಗ್ತದೆ.

ನಾನು ಈಗ ಎಸ್ಟಿಮೇಟ್ ಎರಡು ಭಾಗ ಮಾಡ್ತೀನಿ, ಮೊದಲು ನೆಲ, ಆಮೇಲೆ ಮನೆ. ಮೊದಲ ಭಾಗ ನೋಡಿಯೇ ಇಬ್ರು ಬೇರೆ ಕಂಟ್ರಾಕ್ಟರ್ ಹತ್ರ ಹೋದ್ರು, ಅಲ್ಲಿ ಚದರಡಿ ರೇಟು ನನಗಿಂತ ಕಮ್ಮಿ. ಅವರ ಸೈಟ್ ಮುಂದೆ ಹೋಗುವಾಗೆಲ್ಲಾ ನಾನು ಬೈಕ್ ನಿಧಾನ ಮಾಡಿ ಹಿಂದಿನ ಬರೆ ನೋಡ್ತೀನಿ.

ಟೀಚರ್ ಮನೆಗೆ ಮೂರು ಮಳೆಗಾಲ ಆಯ್ತು. ಪೈಪುಗಳಿಗೆ ಅವರು ಬಿಳಿ ಪೇಂಟಲ್ಲಿ ನಂಬರ್ ಬರೆದಿದ್ದಾರೆ, 1ರಿಂದ 24. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಜೋರು ಮಳೆ ಬಂದ ಬೆಳಿಗ್ಗೆ ಕೊಡೆ ಹಿಡ್ಕೊಂಡು ಹೋಗಿ ಒಂದೊಂದನ್ನೂ ನೋಡ್ತಾರೆ, ಹಾಜರಿ ತಗೊಂಡ ಹಾಗೆ. ಕಳೆದ ಜುಲೈನಲ್ಲಿ ಏಳು ಗಂಟೆಗೆ ವಾಟ್ಸಾಪ್ ಬಂತು, ಫೋಟೋ ಸಮೇತ: "17ರಲ್ಲಿ ನೀರು ಬರ್ತಿಲ್ಲ, 16, 18 ಎರಡೂ ಬರ್ತಾ ಉಂಟು." ಉದ್ದದ ಕಬ್ಬಿಣದ ಸರಳು ತಗೊಂಡು ಹೋದೆ. ಒಳಗೆ ಬೇರು ಹೊಕ್ಕಿತ್ತು. ಎಳೆದು ತೆಗೆದೆ, ಮೊದಲು ಕೆಂಪು ನೀರು ಬಂತು, ಐದು ನಿಮಿಷ ಬಿಟ್ಟು ತಿಳಿಯಾಯ್ತು.